ಅಪ್ಪ ಬರೆದ ಕಂಪೈಲರ್

ಸಾಂತಾಕ್ರೂಜ್, ಕ್ಯಾಲಿಫೋರ್ನಿಯ
೩೧ ಮೇ ೧೯೮೮

ಅಪ್ಪನಿಗೆ,

ಮೊದಲು ಕಂಪನಿಯ ಕಾಗದದ ಮೇಲೆ ‘ಮಾನ್ಯ ಲೈಲ್ ಹ್ಯಾಸ್ಕೆಟ್ ಅವರಿಗೆ’ ಎಂದು ಟೈಪ್ ಮಾಡಿದ್ದೆ. ಮೀಚಮ್ ಅದನ್ನು ನೋಡಿ, “ಏನಮ್ಮಾ, ಅಪ್ಪನಿಗೆ ಬರೀತಿದ್ದೀಯೋ, ತೆರಿಗೆ ಆಫೀಸಿಗೋ?” ಎಂದು ನಕ್ಕರು. ಅದನ್ನು ಹರಿದುಹಾಕಿ ಈಗ ಕೈಯಲ್ಲಿ ಬರೆಯುತ್ತಿದ್ದೇನೆ. ನೀವು ಬೇಸಿಗೆಯಿಡೀ ಐಡಹೋದ ಬೆಟ್ಟದ ತುದಿಯ ಕಾವಲುಗೋಪುರದಲ್ಲಿ ಕೂತು ಕಾಡಿನಲ್ಲಿ ಎಲ್ಲಿ ಹೊಗೆ ಎದ್ದೀತೆಂದು ನೋಡುತ್ತಿರುತ್ತೀರಿ ಎಂದು ಅಮ್ಮ ಹೇಳಿದಳು. ವಿಳಾಸ ಕೊಟ್ಟವಳೂ ಅವಳೇ. ಅಲ್ಲಿ ಫೋನಿಲ್ಲವಂತೆ.

ವಿಷಯಕ್ಕೆ ಬರುತ್ತೇನೆ. ಕಾಲೇಜು ಮುಗಿದಾಗಿನಿಂದ ನಾನು ಮೀಚಮ್ ಅವರ ಬಳಿಯೇ ಇದ್ದೇನೆ, ನೀವು ಬಿಟ್ಟುಹೋದ ಕಂಪನಿಯಲ್ಲೇ. ನೀವು ಬರೆದ ಪ್ಯಾಸ್ಕಲ್ ಕಂಪೈಲರಿನಿಂದಲೇ ಇಲ್ಲಿ ಈಗಲೂ ಎಲ್ಲರ ಹೊಟ್ಟೆ ತುಂಬುತ್ತಿದೆ. ಜನ ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ಏನು ಬರೆದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರಕ್ಕೆ ತಿಳಿಯುವ ಸೂಚನೆಗಳಾಗಿಬಿಡುತ್ತದೆ. ಆದರೆ ಈಗ ಎಲ್ಲರ ಬಾಯಲ್ಲೂ ಆಬ್ಜೆಕ್ಟ್, ಆಬ್ಜೆಕ್ಟ್. ಮಾಹಿತಿ ಒಂದು ಕಡೆ, ಅದರ ಮೇಲೆ ಕೆಲಸ ಮಾಡುವ ವಿಧಿಗಳು ಇನ್ನೊಂದು ಕಡೆ ಇರುವ ಬದಲು ಎರಡೂ ಒಂದೇ ಸೂರಿನಡಿ ಬಾಳುವ ಪದ್ಧತಿ. ಒಂದು ಬಗೆಯ ಆಬ್ಜೆಕ್ಟಿನಿಂದ ಇನ್ನೊಂದನ್ನು ಹುಟ್ಟಿಸಬಹುದು. ಅದು ಹಿಂದಿನದರ ಗುಣಗಳನ್ನೆಲ್ಲ ಪಡೆದು, ಒಪ್ಪದ್ದನ್ನು ಮಾತ್ರ ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಎದುರಾಳಿಗಳು ಇದನ್ನೇ ಮಾಡುತ್ತಿದ್ದಾರೆಂಬ ಸುದ್ದಿಯಿದೆ. ನವೆಂಬರಿನ ಲಾಸ್ ವೇಗಸ್ ಪ್ರದರ್ಶನದಲ್ಲಿ ನಾವೂ ತೋರಿಸದಿದ್ದರೆ ಬಾಗಿಲು ಮುಚ್ಚಬೇಕಾದೀತು ಎಂಬುದು ಮೀಚಮ್ ಅವರ ಭಯ. “ಅಪ್ಪ ಹಾಕಿದ ಗಂಟು, ಮಗಳೇ ಬಿಚ್ಚಲಿ” ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಇಡೀ ಕಂಪೈಲರಿನಲ್ಲಿ ವಿವರಣೆಯ ಒಂದು ಸಾಲೂ ಇಲ್ಲ. ಪಕ್ಕದ ಮೇಜಿನ ವೆಂಡೆಲ್, “ನಿಮ್ಮಪ್ಪ ತನ್ನ ಮನೆಗೆ ಯಾರೂ ಬರೋದೇ ಇಲ್ಲ ಅಂತ್ಲೇ ಕಟ್ಟಿದಾರೆ ಕಣೆ. ಬಾಗಿಲೇ ಇಟ್ಟಿಲ್ಲ” ಅನ್ನುತ್ತಾನೆ.

ನನ್ನ ಪ್ರಶ್ನೆ ಇದು. ಪ್ರತಿಯೊಂದು ಹೆಸರಿನ ಜೊತೆಗೂ ನೀವು ಒಂದು ಬೈಟಿನಷ್ಟು ಗುರುತುಗಳನ್ನು ಇಟ್ಟಿದ್ದೀರಿ. ಅದರ ಮೇಲಿನ ಎರಡು ಬಿಟ್‌ಗಳನ್ನು ಎಲ್ಲೂ ಬಳಸಿದಂತೆ ಕಾಣುವುದಿಲ್ಲ. ನನಗೆ ಒಂದು ಬೇಕು. ತೆಗೆದುಕೊಳ್ಳಬಹುದೇ?

ಇನ್ನೊಂದು ಪ್ರಶ್ನೆ ಕಂಪೈಲರಿನದಲ್ಲ. ನೀವು ಯಾಕೆ ಹೋದಿರಿ?

ಇಂತಿ,
ಕೊರಿನ್


ಸೇಜ್‌ಹೆನ್ ಶಿಖರ, ಐಡಹೋ
೧೯ ಜೂನ್ ೧೯೮೮

ಕೊರಿನ್,

ಪತ್ರ ಬಂತು. ಡೆಲ್ಲಾ ಪ್ರೂಯಿಟ್ ಎಂಬಾಕೆ ಹದಿನೈದು ದಿನಕ್ಕೊಮ್ಮೆ ಹೇಸರಗತ್ತೆಗಳ ಮೇಲೆ ನೀರು, ಡಬ್ಬಿ ಆಹಾರ, ಟಪಾಲು ಹೇರಿಕೊಂಡು ಬರುತ್ತಾಳೆ. ಅವಳು ಕಾಫಿ ಕುಡಿದು ಏಳುವುದರೊಳಗೆ ಉತ್ತರ ಮುಗಿಸಬೇಕು.

ಎಲ್ಲಕ್ಕಿಂತ ಮೇಲಿನ ಬಿಟ್ ಮುಟ್ಟಬೇಡ. ತಪ್ಪಿರುವ ಸಾಲನ್ನು ಹುಡುಕಲು ಎಡಿಟರ್ ಅದನ್ನು ಬಳಸುತ್ತದೆ. ಆ ಭಾಗ ಬೇರೆ ಕಡೆ ಇರುವುದರಿಂದ ನಿನ್ನ ಕಣ್ಣಿಗೆ ಬಿದ್ದಿಲ್ಲ. ಅದರ ಕೆಳಗಿನದು ಖಾಲಿ. ತೆಗೆದುಕೋ.

ಆಬ್ಜೆಕ್ಟಿನ ಗೀಳು ನನಗೆ ಹಿಡಿಸುವುದಿಲ್ಲ. ನನ್ನ ಕಂಪೈಲರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಓದುತ್ತದೆ, ಹಿಂತಿರುಗಿ ನೋಡುವುದಿಲ್ಲ. ಅದರ ವೇಗವೆಲ್ಲ ಅದರಿಂದಲೇ. ಯಾವ ವಿಧಿಯನ್ನು ಕರೆಯಬೇಕು ಎಂಬುದು ಆ ಸಾಲಿನಲ್ಲೇ ಅದಕ್ಕೆ ಗೊತ್ತಿರಬೇಕು. ನೀನು ಅದರ ಬಾಯಲ್ಲಿ ‘ಈಗ ಗೊತ್ತಿಲ್ಲ, ಓಡುವಾಗ ನೋಡೋಣ’ ಅನ್ನಿಸಲು ಹೊರಟಿದ್ದೀಯ.

ಆದರೂ ಮಾಡಲೇಬೇಕಿದ್ದರೆ, ಪ್ಯಾಸ್ಕಲ್‌ನಲ್ಲಿ ‘ವಿತ್’ ಎಂಬ ಸೌಲಭ್ಯವಿದೆಯಲ್ಲ, ಒಂದು ವಸ್ತುವಿನ ಹೆಸರನ್ನು ಒಮ್ಮೆ ಹೇಳಿ, ಆಮೇಲೆ ಅದರ ಭಾಗಗಳನ್ನಷ್ಟೇ ಕರೆಯುವುದು, ಆ ಭಾಗದ ಕೋಡ್ ಓದು. ಆಬ್ಜೆಕ್ಟಿನೊಳಗಿನ ವಿಧಿಗೆ ‘ನಾನು ಯಾರು’ ಎಂದು ತಿಳಿಸುವ ಕೆಲಸ ಅಲ್ಲಿ ಆಗಲೇ ಮುಕ್ಕಾಲು ಆಗಿದೆ. ಹೊಸದಾಗಿ ಬರೆಯಬೇಡ.

ಮಿಂಚು ಜಾಸ್ತಿ. ಮಳೆ ಇಲ್ಲ.

ಲೈಲ್ ಹ್ಯಾಸ್ಕೆಟ್


ಸಾಂತಾಕ್ರೂಜ್
೮ ಜುಲೈ ೧೯೮೮

ಅಪ್ಪಾ,

ಹೆಸರನ್ನು ಮನೆತನದ ಸಮೇತ ಬರೆದಿದ್ದೀಯ. ನಾನು ಮರೆತಿರಬಹುದು ಅಂದುಕೊಂಡೆಯಾ? ಇನ್ನು ನಾನೂ ‘ನೀವು’ ಅನ್ನುವುದಿಲ್ಲ.

‘ವಿತ್’ ಬಗ್ಗೆ ನೀನು ಹೇಳಿದ್ದು ನಿಜ. ಎರಡು ವಾರದಿಂದ ನಾನು ಕಟ್ಟುತ್ತಿದ್ದುದನ್ನೆಲ್ಲ ಕಿತ್ತೆಸೆದು ನಿನ್ನ ಹಳೆಯ ಕೋಡಿನೊಳಗೆ ಹೊಕ್ಕೆ. ಆಬ್ಜೆಕ್ಟುಗಳು ಹುಟ್ಟುತ್ತಿವೆ. ಒಂದರಿಂದ ಇನ್ನೊಂದನ್ನು ಪಡೆಯುವುದೂ ಬಂದಿದೆ. ಮೀಚಮ್ ಬಂದು ನೋಡಿ, “ಹ್ಯಾಸ್ಕೆಟ್ ರಕ್ತ!” ಎಂದು ಬೆನ್ನು ತಟ್ಟಿದರು. ವೆಂಡೆಲ್ ಅವರ ಬೆನ್ನ ಹಿಂದೆ, “ರಕ್ತ ಆಮೇಲೆ ಸಾರ್, ಮೊದಲು ಅವಳಿಗೆ ಊಟ ಮಾಡೋಕೆ ಬಿಡಿ” ಅಂದ.

ಉಳಿದಿರುವುದು ನೀನು ಗೇಲಿ ಮಾಡಿದ ಆ ‘ಓಡುವಾಗ ನೋಡೋಣ’. ಪರದೆಯ ಮೇಲೆ ಚಿತ್ರಗಳ ಒಂದು ಸಾಲಿದೆ ಅಂದುಕೋ, ಕೆಲವು ವೃತ್ತ, ಕೆಲವು ಚೌಕ. ‘ನಿನ್ನನ್ನು ನೀನೇ ಬರೆದುಕೋ’ ಎಂದು ಎಲ್ಲಕ್ಕೂ ಒಂದೇ ಮಾತಿನಲ್ಲಿ ಹೇಳಬೇಕು. ವೃತ್ತ ವೃತ್ತದಂತೆ, ಚೌಕ ಚೌಕದಂತೆ ಬರೆದುಕೊಳ್ಳಬೇಕು. ಬೇರೆ ಭಾಷೆಗಳಲ್ಲಿ ಇದಕ್ಕೆ ವಿಳಾಸಗಳ ಕೋಷ್ಟಕ ಇಡುತ್ತಾರೆಂದು ಓದಿದ್ದೇನೆ. ಆದರೆ ನಿನ್ನ ಕಂಪೈಲರ್ ಹಿಂತಿರುಗಿ ನೋಡದೆ ಆ ಕೋಷ್ಟಕವನ್ನು ತುಂಬುವುದು ಹೇಗೆ? ವಿಧಿಯನ್ನು ಬರೆಯುವುದಕ್ಕೆ ಮುಂಚೆಯೇ ಅದರ ವಿಳಾಸ ಎಲ್ಲಿಂದ ತರಲಿ?

ನನ್ನ ಎರಡನೆಯ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಇರಲಿ, ನನ್ನ ಸುದ್ದಿ ಹೇಳುತ್ತೇನೆ. ಗ್ರಾಂಟ್ ಹೊರಟುಹೋದ. ಗ್ರಾಂಟ್ ಯಾರೆಂದು ನಿನಗೆ ಗೊತ್ತಿಲ್ಲ, ಒಂದೂವರೆ ವರ್ಷದಿಂದ ನನ್ನ ಜೊತೆಗಿದ್ದವನು, ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು. ಕೂಗಾಡಲಿಲ್ಲ. ತನ್ನ ಬಟ್ಟೆಗಳನ್ನು ಮಡಚಿಕೊಳ್ಳುತ್ತಾ, “ಕೊರಿನ್, ನೀನು ಮನೇಲಿದ್ರೂ ಇಲ್ಲ” ಅಂದ. ನಾನು ಏನೋ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಾಗ ಅವನ ಕಾರು ಬೀದಿಯ ತಿರುವಿನಲ್ಲಿತ್ತು. ಈಗ ಮನೆ ತುಂಬಾ ಅಚ್ಚುಕಟ್ಟಾಗಿದೆ. ಭಾನುವಾರ ಸಂಜೆಯ ಹೊತ್ತಿಗೆ ಗಂಟಲು ಕೆರೆದಂತಾಗಿ ನೋಡಿದರೆ ಶುಕ್ರವಾರದಿಂದ ಯಾರ ಜೊತೆಗೂ ಮಾತಾಡಿಯೇ ಇಲ್ಲ.

ಕೊರಿನ್


ಸೇಜ್‌ಹೆನ್ ಶಿಖರ
೨೪ ಜುಲೈ ೧೯೮೮

ಕೊರಿನ್,

ಕೋಷ್ಟಕವನ್ನು ಓದುವಾಗಲೇ ತುಂಬಬೇಕಾಗಿಲ್ಲ. ಆಬ್ಜೆಕ್ಟಿನ ಘೋಷಣೆ ಬಂದಾಗ ಅದರಲ್ಲಿ ಎಷ್ಟು ವಿಧಿಗಳಿವೆ, ಯಾವುದು ಎಷ್ಟನೇ ಮನೆಯಲ್ಲಿ ಎಂಬುದಷ್ಟೇ ತೀರ್ಮಾನಿಸು. ಮನೆಗಳು ಖಾಲಿ ಇರಲಿ. ಕರೆಯುವ ಸಾಲಿಗೆ ಮನೆಯ ಸಂಖ್ಯೆ ಸಾಕು, ಒಳಗೆ ಯಾರಿದ್ದಾರೆಂದು ಬೇಡ. ಪ್ರತಿಯೊಂದು ಆಬ್ಜೆಕ್ಟ್ ತನ್ನ ಕೋಷ್ಟಕ ಎಲ್ಲಿದೆ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿರಲಿ. ವಿಳಾಸಗಳನ್ನು ತುಂಬುವ ಕೆಲಸವನ್ನು ಕೊನೆಯಲ್ಲಿ ಎಲ್ಲ ತುಂಡುಗಳನ್ನೂ ಜೋಡಿಸುವ ಲಿಂಕರಿಗೆ ಬಿಡು. ಅದು ಹೇಗೂ ವಿಳಾಸ ತುಂಬುವುದಕ್ಕೇ ಇರುವುದು. ಕಂಪೈಲರ್ ಹಿಂತಿರುಗಿ ನೋಡಬೇಕಾಗಿಲ್ಲ.

ಉತ್ತರದ ಕಣಿವೆಯಲ್ಲಿ ಎರಡು ಹೊಗೆ. ಗಾಳಿ ಒಣಗಿದೆ.

ಲೈಲ್ ಹ್ಯಾಸ್ಕೆಟ್


ಸಾಂತಾಕ್ರೂಜ್
೯ ಆಗಸ್ಟ್ ೧೯೮೮

ಹ್ಯಾಸ್ಕೆಟ್ ಅವರೇ,

ನೀವು ಹೇಳಿದಂತೆ ಮಾಡಿದೆ. ವೃತ್ತ, ಚೌಕ ಎರಡೂ ಬಂದವು. ಕೃತಜ್ಞತೆಗಳು.

ಗ್ರಾಂಟ್ ವಿಷಯ ಬರೆದ ಪುಟ ಕಳೆದುಹೋಗಿರಬಹುದು ಎಂದುಕೊಂಡು ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆದರೆ ಕೋಷ್ಟಕದ ಪ್ರಶ್ನೆ ಇದ್ದುದೂ ಅದೇ ಪುಟದಲ್ಲಿ. ಇನ್ನು ಮುಂದೆ ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಉಳಿದದ್ದನ್ನು ನಾನೇ ನೋಡಿಕೊಳ್ಳುತ್ತೇನೆ.

ಕೊರಿನ್ ಹ್ಯಾಸ್ಕೆಟ್


ಪ್ರೂಯಿಟ್ ಅವರ ಕೊಟ್ಟಿಗೆ, ಸಾಮನ್ ಊರಿನ ಆಚೆ, ಐಡಹೋ
೬ ಸೆಪ್ಟೆಂಬರ್ ೧೯೮೮

ಮಿಸ್ ಕೊರಿನ್,

ನಾನು ಡೆಲ್ಲಾ ಪ್ರೂಯಿಟ್. ನಿಮ್ಮ ತಂದೆಗೆ ಹೇಸರಗತ್ತೆ ಮೇಲೆ ಬೀನ್ಸ್ ಡಬ್ಬಿ ಹೊತ್ತು ಹಾಕುವವಳು. ಹೆದರಬೇಡಿ, ಆತ ಬದುಕಿದ್ದಾನೆ. ಈ ಸಾಲನ್ನು ಮೊದಲು ಬರೆಯಬೇಕೆಂದೇ ಉಭಯಕುಶಲೋಪರಿಯನ್ನೆಲ್ಲ ಬಿಟ್ಟಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಬೆಂಕಿ ಸೇಜ್‌ಹೆನ್ ಏರು ಹತ್ತಿತು. ಇಳಿದು ಬಾ ಎಂದು ರೇಡಿಯೋದಲ್ಲಿ ಕರೆದರು. ಆದರೆ ಕೆಳಗಿನ ಕಮರಿಯಲ್ಲಿ ಬೆಂಕಿ ಆರಿಸುವ ಹುಡುಗರ ಒಂದು ತಂಡ ಹೊಗೆಯಲ್ಲಿ ಸಿಕ್ಕಿಬಿದ್ದಿತ್ತು. ಬೆಂಕಿ ಯಾವ ಕಡೆಯಿಂದ ಬರುತ್ತಿದೆ ಎಂದು ಅವರಿಗೆ ಕಾಣದು, ಮೇಲಿರುವ ಇವನಿಗೆ ಕಾಣುತ್ತದೆ. ಇವನು ಇಳಿಯಲಿಲ್ಲ. “ಎಡಕ್ಕೆ ತಿರುಗಿ, ಬಂಡೆ ಹಿಡ್ಕೊಂಡು ಬನ್ನಿ. ಬೇಡ, ನಿಲ್ಲಿ. ಹಳ್ಳದ ಕಡೆ. ಹಾಂ, ಈಗ ಓಡಿ!” ಎಂದು ಅವರು ಹೊರಗೆ ಬರುವ ತನಕ ಹೇಳುತ್ತಲೇ ಇದ್ದ. ನಾನು ಕಣಿವೆಯ ಕ್ಯಾಂಪಿನಲ್ಲಿ ನಿಂತು ಕೇಳುತ್ತಿದ್ದೆ. ಈ ಮನುಷ್ಯನ ಬಾಯಲ್ಲಿ ಇಷ್ಟು ಮಾತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹುಡುಗರೆಲ್ಲ ಬಂದರು. ಅಷ್ಟರಲ್ಲಿ ಗೋಪುರದ ಬುಡದ ಸೌದೆ ರಾಶಿಗೆ ಕಿಡಿ ಬಿದ್ದಿತ್ತು, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಉರಿಯುವ ಕೊರಡುಗಳನ್ನು ಬರಿಗೈಯಲ್ಲಿ ಎತ್ತೆತ್ತಿ ಎಸೆದಿದ್ದಾನೆ. ಹೆಲಿಕಾಪ್ಟರ್ ಬಂದು ಎತ್ತಿಕೊಂಡಿತು. ಆಸ್ಪತ್ರೆಯಿಂದ ಮೊನ್ನೆ ಬಿಟ್ಟರು. ಎರಡು ಕೈಗೂ ಬ್ಯಾಂಡೇಜು, ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಟೆಲಿಫೋನ್ ಕಂಬಗಳೂ ಸುಟ್ಟುಹೋಗಿವೆ, ಅದಕ್ಕೇ ಈ ಕಾಗದ.

ಆತ ಈಗ ನನ್ನ ಎದುರಿಗೇ ಕೂತಿದ್ದಾನೆ. “ನಿನ್ನ ಮಗಳಿಗೆ ಏನಾದ್ರೂ ಹೇಳು, ಬರಿತೀನಿ” ಅಂದೆ. “ಬೇಡ ಅಂದಿದಾಳೆ” ಅಂದ. “ಅವಳು ಬೇಡ ಅಂದಿದ್ದು ನೀನು ಬರಿಯೋದನ್ನ. ಬರಿತಿರೋಳು ನಾನು” ಅಂದೆ. ಇನ್ನು ಮುಂದಿನದು ಅವನ ಮಾತು, ಆಡಿದ ಹಾಗೇ ಹಾಕುತ್ತೇನೆ.

“ಕೊರಿನ್. ನಿನ್ನ ಕಾಗದ ಬಂತು.”

(ಇಷ್ಟು ಹೇಳಿ ಕಿಟಕಿ ಕಡೆ ತಿರುಗಿದ. ನಾನು ಹೇಸರಗತ್ತೆಗಳಿಗೆ ಹುಲ್ಲು ಹಾಕಿ ಬಂದೆ.)

“ಆ ಹುಡುಗ ಹೇಳಿದ್ನಲ್ಲ, ಅದನ್ನೇ ನಿಮ್ಮಮ್ಮ ನನಗೆ ಹೇಳಿದ್ಲು. ಜಗಳ ಏನಿಲ್ಲ. ತಟ್ಟೆಗೆ ಬಟಾಣಿ ಬಡಿಸ್ತಾ ಹೇಳಿದ್ಲು, ‘ಲೈಲ್, ನೀನು ಮನೇಲಿದ್ರೂ ಇಲ್ಲ’ ಅಂತ. ನಾನು ಆಗ ಕಂಪೈಲರ್ ಯೋಚನೇಲಿದ್ದೆ. ಅವಳು ಹಾಗಂದ್ಲು ಅಂತ ನನಗೆ ಕೇಳಿಸಿದ್ದು ಮಾರನೇ ದಿನ, ಆಫೀಸಲ್ಲಿ.”

(ಇಲ್ಲಿ ನೀರು ಕೇಳಿದ. ಕುಡಿಸಿದೆ.)

“ಇರೋಕೆ ಬರದಿರೋನು ದೂರ ಇರೋದೇ ಮರ್ಯಾದೆ ಅನ್ನಿಸ್ತು. ನೀನು ಕಾಲೇಜಿನಲ್ಲಿದ್ದೆ. ನಿನಗೇನೂ ವ್ಯತ್ಯಾಸ ಆಗಲ್ಲ ಅಂದ್ಕೊಂಡೆ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ದೊಡ್ಡದಾಗಿ ಇನ್ನೇನೂ ಇಲ್ಲ. ಗ್ರಾಂಟ್ ವಿಷಯ ಓದಿದಾಗ ಏನ್ ಬರೀಬೇಕು ಅಂತ ತಿಳೀಲಿಲ್ಲ. ಕೋಷ್ಟಕದ್ದು ತಿಳೀತು, ಅದನ್ನ ಬರೆದೆ.”

“ಮುಗೀತಾ?” ಅಂದೆ. ತಲೆ ಆಡಿಸಿದ. ಆಮೇಲೆ ನಾನು ಕಾಗದ ಮಡಚುವಾಗ, “ಅವಳಿಗೆ ಹೇಳು, ಅವಳು ಒಬ್ಬಳೇ ಇರೋದು ನನಗೆ ಇಷ್ಟ ಇಲ್ಲ ಅಂತ” ಅಂದ.

ಅವನು ಬಾ ಅಂತ ಕರೆಯುವವನಲ್ಲ. ಆದ್ದರಿಂದ ನಾನು ಕರೆಯುತ್ತಿದ್ದೇನೆ, ಬನ್ನಿ.

ಡೆಲ್ಲಾ ಪ್ರೂಯಿಟ್


ಸಾಂತಾಕ್ರೂಜ್
೧೩ ಸೆಪ್ಟೆಂಬರ್ ೧೯೮೮

ಶ್ರೀಮತಿ ಪ್ರೂಯಿಟ್ ಅವರಿಗೆ,

ಶುಕ್ರವಾರ ಹೊರಡುತ್ತೇನೆ. ಮೀಚಮ್ ಅವರಿಗೆ ಹೇಳಿದಾಗ, “ಈಗ್ಲಾ? ಇನ್ನೆರಡು ತಿಂಗಳಲ್ಲಿ ಪ್ರದರ್ಶನ!” ಎಂದು ಕೂಗಿದರು. ಆಮೇಲೆ ನಿಮ್ಮ ಕಾಗದ ತೋರಿಸಿದೆ. ಓದಿ, ತಮ್ಮ ಕಾರಿನ ಕೀಲಿಕೈ ಕೊಟ್ಟು, “ನಿನ್ನ ಡಬ್ಬಾ ಗಾಡಿ ನೆವಾಡ ದಾಟಲ್ಲ” ಅಂದರು.

ಅಪ್ಪನಿಗೆ ಹೇಳಬೇಡಿ. ಹೇಳಿದರೆ ಬರಬೇಡ ಅಂದಾನು.

ಕೊರಿನ್


ಸಾಂತಾಕ್ರೂಜ್
೨೦ ನವೆಂಬರ್ ೧೯೮೮

ಅಪ್ಪಾ,

ನಿನ್ನಲ್ಲಿಂದ ಬಂದ ಮೇಲೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಆ ನಾಲ್ಕು ದಿನಗಳ ಬಗ್ಗೆ ಏನು ಬರೆದರೂ ಸುಳ್ಳೆನಿಸುತ್ತಿತ್ತು. ಮೊದಲನೆಯ ದಿನ ನಾವು ಕಂಪೈಲರ್ ಬಗ್ಗೆ ಮಾತಾಡಿದೆವು, ಅದು ಸಂಜೆಗೆ ಮುಗಿಯಿತು. ಆಮೇಲೆ ನಿನ್ನ ಹತ್ತಿರವೂ ಮಾತಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ನಿನಗೆ ಸೂಪ್ ಕುಡಿಸುವಾಗ ನಿನ್ನ ಅಂಗಿಯ ಮೇಲೆ ಚೆಲ್ಲಿದೆ. ನೀನು ಚಮಚವನ್ನೇ ನೋಡುತ್ತಿದ್ದೆ, ನಾನು ಬಟ್ಟಲನ್ನೇ ನೋಡುತ್ತಿದ್ದೆ. ಡೆಲ್ಲಾ ಒಳಗೆ ಬಂದು, “ಅಯ್ಯೋ ದೇವರೇ, ಇಬ್ರೂ ಒಂದೇ ಅಚ್ಚು! ಹೇಸರಗತ್ತೆಗಳ ಹತ್ರ ಇದಕ್ಕಿಂತ ಜಾಸ್ತಿ ಮಾತಿದೆ” ಅಂದಾಗ ನೀನು ನಕ್ಕೆ. ನಿನ್ನ ಮುಂದಿನ ಹಲ್ಲೊಂದು ಬಿದ್ದುಹೋಗಿರುವುದು ನನಗೆ ಆಗಲೇ ಗೊತ್ತಾದದ್ದು. ಯಾವಾಗ ಬಿತ್ತು ಎಂದು ಕೇಳಲಿಲ್ಲ.

ವಾಪಸು ಬರುವಾಗ ನೆವಾಡದ ರಸ್ತೆಯಲ್ಲಿ ನಾನೊಬ್ಬಳೇ ಗಟ್ಟಿಯಾಗಿ ಮಾತಾಡುತ್ತಾ ಬಂದೆ. ನಿನಗೆ ಹೇಳಬೇಕಾಗಿದ್ದುದನ್ನೆಲ್ಲ ಮೀಚಮ್ ಅವರ ಕಾರಿಗೆ ಹೇಳಿದೆ. ಗ್ರಾಂಟ್ ಪಿಯಾನೋ ನುಡಿಸುವಾಗ ನಾನು ಪಕ್ಕದ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ ಎಂಬುದನ್ನೂ.

ಬಂದು ನೋಡಿದರೆ ಇಲ್ಲಿ ಕೋಲಾಹಲ. ಕೆಲವು ಪ್ರೋಗ್ರಾಂಗಳು ಓಡುತ್ತಿದ್ದಂತೆಯೇ ಇಡೀ ಯಂತ್ರ ಕಲ್ಲಾಗಿಬಿಡುತ್ತಿತ್ತು. ವೆಂಡೆಲ್ ನಿನ್ನ ಲಿಂಕರಿನ ಮೇಲೆ ಅನುಮಾನಪಟ್ಟ. ಲಿಂಕರ್ ಸರಿಯಾಗಿತ್ತು. ಆಬ್ಜೆಕ್ಟ್ ಹುಟ್ಟಿದ ಕೂಡಲೇ ಅದರೊಳಗೆ ಕೋಷ್ಟಕದ ವಿಳಾಸವನ್ನು ಯಾರಾದರೂ ಇಡಬೇಕಲ್ಲ? ಪ್ರೋಗ್ರಾಂ ಬರೆಯುವವರು ಆ ವಿಳಾಸವನ್ನು ಇಡುವ ಮೊದಲ ವಿಧಿಯನ್ನು ಕರೆಯಲು ಮರೆತರೆ ಅಲ್ಲಿ ಕಸವಿರುತ್ತದೆ. ಯಂತ್ರ ಆ ಕಸವನ್ನೇ ವಿಳಾಸವೆಂದು ನಂಬಿ ಎಲ್ಲಿಗೋ ಹಾರುತ್ತದೆ. ಇದು ನಿನಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕೋಷ್ಟಕದ ತಲೆಯಲ್ಲಿ ಒಂದು ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಅದೇ ಸಂಖ್ಯೆಯನ್ನು ಋಣವಾಗಿಯೂ ಇಟ್ಟೆ. ಕರೆಯುವ ಮುನ್ನ ಎರಡನ್ನೂ ಕೂಡಿಸಿ ನೋಡುತ್ತೇನೆ. ಸೊನ್ನೆ ಬಂದರೆ ಸರಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ ತಪ್ಪೆಂದು ಹೇಳುತ್ತದೆ. ಇದೊಂದನ್ನು ನಿನ್ನನ್ನು ಕೇಳದೆ ಮಾಡಿದೆ. ನಿನ್ನ ಕೋಡಿನ ನಡುವೆ ಮೊದಲ ಸಲ ಒಂದು ವಿವರಣೆಯ ಸಾಲನ್ನೂ ಬರೆದೆ.

ಕಳೆದ ವಾರ ಲಾಸ್ ವೇಗಸ್‌ನಲ್ಲಿ ತೋರಿಸಿದೆವು. ನಮ್ಮ ಮಳಿಗೆಯ ಮುಂದೆ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಪರದೆಯ ಮೇಲೆ ವೃತ್ತ, ಚೌಕಗಳು ತಾವಾಗಿಯೇ ಬರೆದುಕೊಳ್ಳುತ್ತಾ ಚಲಿಸಿದವು. ಗಡ್ಡದವನೊಬ್ಬ, “ಇದೆಲ್ಲ ಒಂದೇ ಓದಿಗೆ ಆಗುತ್ತಾ? ಸುಳ್ಳು ಹೇಳ್ಬೇಡಿ” ಅಂದ. ಅವನ ಕೈಯಲ್ಲೇ ಕೀಲಿಮಣೆ ಕೊಟ್ಟೆ. ಅವನು ಬರೆದು, ಓಡಿಸಿ, ಪಕ್ಕದವನ ಕಡೆ ತಿರುಗಿ ಕೆಟ್ಟದೊಂದು ಬೈಗುಳ ಬೈದ. ಮೀಚಮ್ ಪಾಲಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಅಂಗಡಿ ಮುಚ್ಚುವುದಿಲ್ಲ ಅಪ್ಪಾ.

ಸಂಜೆ ಎಲ್ಲರೂ ಕುಡಿಯಲು ಹೋದರು. ನಾನು ಹೋಟೆಲಿನ ಕೋಣೆಗೆ ಬಂದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಫೋನ್ ಕೈಗೆತ್ತಿಕೊಂಡೆ. ಅಮ್ಮನಿಗೆ ಮಾಡಿದರೆ ಸಂದೇಶ ಬಿಡಿ ಎಂದು ಯಂತ್ರ ಹೇಳಿತು. ಗ್ರಾಂಟ್ ನಂಬರಿನ ಅರ್ಧ ಒತ್ತಿ ನಿಲ್ಲಿಸಿದೆ. ಆಮೇಲೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಕಿಟಕಿಯಾಚೆ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನು ನೋಡುತ್ತಾ ಕೂತೆ. ನಿನಗೆ ಹೇಳಬೇಕೆಂದಿದ್ದೆ. ಅಷ್ಟೇ.

ಕೈ ಹೇಗಿದೆ?

ಕೊರಿನ್


ಸಾಮನ್, ಐಡಹೋ
೧೧ ಡಿಸೆಂಬರ್ ೧೯೮೮

ಪ್ರೀತಿಯ ಕೊರಿನ್,

ಇದು ನನ್ನದೇ ಅಕ್ಷರ. ಸೊಟ್ಟಗಿದೆ, ಕ್ಷಮಿಸು. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಉಳಿದವು ಸಾಕು.

ಸಂಖ್ಯೆಯನ್ನೂ ಅದರ ಋಣವನ್ನೂ ಕೂಡಿಸಿ ನೋಡುವುದು ನನಗೆ ಹೊಳೆಯುತ್ತಿರಲಿಲ್ಲ. ನಾನಾಗಿದ್ದರೆ ಮರೆತವರದೇ ತಪ್ಪು ಎಂದು ಬಿಟ್ಟುಬಿಡುತ್ತಿದ್ದೆ. ನೀನು ಬರೆದ ವಿವರಣೆಯ ಸಾಲಿನಲ್ಲಿ ಏನಿದೆ ಎಂದು ತಿಳಿಯುವ ಆಸೆ.

ಡೆಲ್ಲಾಳ ಕೊಟ್ಟಿಗೆ ಬಿಟ್ಟು ಊರೊಳಗೆ ಒಂದು ಕೋಣೆ ಹಿಡಿದಿದ್ದೇನೆ, ಬೇಕರಿಯ ಮೇಲೆ. ಬೆಳಿಗ್ಗೆ ಬ್ರೆಡ್ ವಾಸನೆ ಬರುತ್ತದೆ. ಜೂನ್‌ನಲ್ಲಿ ಮತ್ತೆ ಮೇಲೆ ಹೋಗುತ್ತೀಯಾ ಎಂದು ಅರಣ್ಯದವರು ಕೇಳಿದ್ದಾರೆ. ಗೋಪುರವನ್ನು ಹೊಸದಾಗಿ ಕಟ್ಟುತ್ತಾರಂತೆ. ಇನ್ನೂ ಏನೂ ಹೇಳಿಲ್ಲ.

ಮೊನ್ನೆ ಫೋನ್ ಹಾಕಿಸಿದೆ. ಹಾಕಲು ಬಂದವನು “ಯಾವ ಕಡೆ ಬೇಕು ಸಾರ್, ಮಂಚದ ಹತ್ರಾನಾ, ಬಾಗಿಲ ಹತ್ರಾನಾ?” ಎಂದು ಕೇಳಿದ. ಎಲ್ಲಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಇಡಿಸಿದೆ. ಡೆಲ್ಲಾ ಪರೀಕ್ಷೆಗೆಂದು ಅಂಗಡಿಯಿಂದ ಫೋನ್ ಮಾಡಿದಳು. ನಾನು ಎತ್ತಿ ಸುಮ್ಮನೆ ಹಿಡಿದುಕೊಂಡಿದ್ದೆನಂತೆ. “ಹಲೋ ಅನ್ನೋ ಮಾರಾಯಾ! ಸತ್ತಿದ್ದೀಯೋ ಬದುಕಿದ್ದೀಯೋ ಅಂತ ಆ ಕಡೆಯವರಿಗೆ ಹೇಗೆ ಗೊತ್ತಾಗ್ಬೇಕು?” ಎಂದು ಬೈದಳು. ಅಂದಿನಿಂದ ಅಭ್ಯಾಸ ಮಾಡುತ್ತಿದ್ದೇನೆ.

ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಭಾನುವಾರ ಸಂಜೆ ನಿನಗೆ ಬಿಡುವಿದ್ದರೆ ಮಾಡು. ಬಿಡುವಿಲ್ಲದಿದ್ದರೂ ಪರವಾಗಿಲ್ಲ, ನಾನು ಕುರ್ಚಿಯಲ್ಲೇ ಇರುತ್ತೇನೆ. ಮೊದಲು ನೀನೇ ಮಾತಾಡು. ಕಾರಿಗೆ ಹೇಳಿದ್ದನ್ನೆಲ್ಲ ಹೇಳು. ನಡುವೆ ನನ್ನ ಕಡೆಯಿಂದ ಏನೂ ಕೇಳಿಸದಿದ್ದರೆ ಲೈನ್ ಕಟ್ಟಾಯಿತೆಂದು ಇಟ್ಟುಬಿಡಬೇಡ. ಸ್ವಲ್ಪ ಕಾಯಿ.

ಅಪ್ಪ